ಡಿಕ್ಕಿಯಲ್ಲಿರುವ ಬೂದು ಪೆಟ್ಟಿಗೆ

ನವೆಂಬರ್ 12, ಮಂಗಳವಾರ

ಫ್ಲಾಸ್ಕಿಗೆ ಕಾಫಿ. ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಕೆರೆದಿದ್ದಾಯಿತು. ಕೋಟಿನ ಜಿಪ್ ಕೈಕೊಟ್ಟಿತು. ವೆಂಡೆಲ್ ಶನಿವಾರ ಶಿಕಾರಿ ಮುಗಿಸಿ ಬಂದವನು ತನ್ನ ಕೋಟು ಬಾಗಿಲ ಹಿಂದೆ ನೇತುಹಾಕಿ ಮರೆತುಹೋಗಿದ್ದ. ತಮ್ಮನದು ತಾನೆ — ಹಾಕಿಕೊಂಡು ಹೊರಟೆ. ಹೊಗೆ, ಕೊಳೆತ ಎಲೆ, ಜಿಂಕೆಯ ವಾಸನೆ.

ಕಾರ್ ಸೀಟಿನ ಫ್ಯಾಕ್ಟರಿ ಗೇಟಿನಲ್ಲಿ ದಿನದಂತೆ ಜೇಬು ಖಾಲಿ ಮಾಡಿ ಟ್ರೇಗೆ ಹಾಕಿದೆ. ಕೀಲಿಕೈ, ಕೆಮ್ಮಿನ ಮಿಠಾಯಿ, ಎರಡು ರೈಫಲ್ ತೋಟಾ. ನಾನೇ ಇಟ್ಟೆ, ನನ್ನ ಕೈಯಾರೆ. ನಿದ್ದೆಗಣ್ಣು.

ಕಾವಲಿನ ಕ್ಲೋವಿಸ್ ಟ್ರೇ ನೋಡಿದ, ನನ್ನನ್ನು ನೋಡಿದ.

"ಏನಕ್ಕಾ ಇದು, ಸೀಟು ಹೊಲಿಯೋಕೆ ಹೊಸ ಥರದ ಸೂಜಿನಾ?"

ನಕ್ಕೆ. ಅವನೂ ನಗುತ್ತಿದ್ದ. ಹಿಂದೆ ಮ್ಯಾನೇಜರ್ ಹ್ಯಾಸ್ಕೆಟ್ ನಿಂತಿದ್ದ. ಅವನು ನಗಲಿಲ್ಲ.

ಕಂಪನಿ ಜಾಗದಲ್ಲಿ ಬಂದೂಕು, ತೋಟಾ ಯಾವುದೂ ಕೂಡದು, ಪಾರ್ಕಿಂಗ್ ಜಾಗವೂ ಸೇರಿ. ಇದು ಅವರ ನಿಯಮ. "ಆರ್ಲೀನ್ ಅವರೇ, ಒಂದ್ಸಲ ಡಿಕ್ಕಿ ತೆಗೀರಿ, ನೋಡಿಬಿಡೋಣ" ಅಂದ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ತೆಗೆಯಲ್ಲ ಸರ್. ಒಳಗೆ ಅಪ್ಪನ ರಿವಾಲ್ವರ್ ಇದೆ. ಪೆಟ್ಟಿಗೆಗೆ ಬೀಗ, ಡಿಕ್ಕಿಗೆ ಬೀಗ. ನನ್ನ ಕಾರಲ್ಲಿ ಇಟ್ಕೊಳ್ಳೋಕೆ ನಮ್ಮ ಕೆಂಟಕಿ ರಾಜ್ಯದ ಕಾನೂನೇ ಒಪ್ಪುತ್ತೆ. ಫ್ಯಾಕ್ಟರಿ ಒಳಗೆ ತರಬೇಡಿ ಅನ್ನಿ, ತಲೆಬಾಗ್ತೀನಿ. ಕಾರು ನನ್ನದು."

ಸಂಬಳವಿಲ್ಲದೆ ಅಮಾನತು. ಮುಂದಿನ ವಾರ ವಿಚಾರಣೆ. ಮನೆಗೆ ಬಂದ ಮೇಲೆ ನೆನಪಾಯಿತು — ನನ್ನ ಪದ್ಯದ ಪುಸ್ತಕ ಹೊಲಿಗೆ ತಪಾಸಣೆ ವಿಭಾಗದ ನನ್ನ ಮೇಜಿನಲ್ಲೇ ಉಳಿದಿದೆ.

ನವೆಂಬರ್ 13

ವೆಂಡೆಲ್ ಬಂದ. ಜಿಂಕೆಮಾಂಸ ತಂದ. ತಪ್ಪಿತಸ್ಥನ ಮುಖ.

"ನನ್ನ ಕೋಟೇ ಸಿಕ್ತಾ ನಿನಗೆ? ಅಲ್ಲಾ, ಜೇಬು ನೋಡ್ಕೊಳ್ಳೋದಲ್ವಾ ಅಕ್ಕಾ?"

"ತೋಟಾ ಎಲ್ಲೆಂದರಲ್ಲಿ ಬಿಡಬೇಡ ಅಂತ ಅಪ್ಪ ಯಾರಿಗೆ ಹೇಳ್ತಿದ್ದದ್ದು? ನನಗಾ?"

ಮಾಂಸದ ಪೊಟ್ಟಣ ಫ್ರಿಜ್ಜಿಗಿಟ್ಟ. ಆಮೇಲೆ: "ಶಿಕಾರಿ ಸೀಸನ್ ಶುರುವಾದ ವಾರ ಆ ಪಾರ್ಕಿಂಗಲ್ಲಿ ಯಾರ ಟ್ರಕ್ಕಲ್ಲಿ ರೈಫಲ್ ಇರಲ್ಲ ಹೇಳು. ಬೆಳಗಿನ ಜಾವ ಮರದ ಮೇಲೆ ಜಿಂಕೆಗೆ ಕಾದು ಕೂತು, ಅಲ್ಲಿಂದ ನೇರ ಶಿಫ್ಟಿಗೆ ಬರ್ತಾರೆ. ಹ್ಯಾಸ್ಕೆಟ್ಟೂ ಅಷ್ಟೇ. ಹೆಸರು ಹೇಳಿಬಿಡು ಎಲ್ಲರದೂ."

ಹೇಳುವುದಿಲ್ಲ. ನನ್ನ ಹಕ್ಕು ಉಳಿಸಿಕೊಳ್ಳಲು ಬೇರೆಯವರ ಡಿಕ್ಕಿ ತೆಗೆಸುವುದೆ?

ಕೆಲಸ ಹೋದರೆ ಈ ಕಣಿವೆಯಲ್ಲಿ ಇನ್ನೊಂದಿಲ್ಲ. ನಾನು ಪಾಠ ಮಾಡುತ್ತಿದ್ದ ಕಾಲೇಜು ಸಾಹಿತ್ಯ ವಿಭಾಗ ಮುಚ್ಚಿದ ಮೇಲೆ ಸಿಕ್ಕಿದ್ದು ಇದೊಂದೇ. ಎಂ.ಎ. ಓದಿದವಳು ಕಾರ್ ಸೀಟಿನ ಹೊಲಿಗೆ ನೋಡುತ್ತಾಳೆ ಅಂತ ಮೊದಮೊದಲು ಜನ ಆಡಿಕೊಂಡರು. ನನಗೇನೂ ಬೇಸರವಿಲ್ಲ. ನೇರ ಹೊಲಿಗೆ ಒಳ್ಳೆಯ ಸಾಲಿನ ಹಾಗೆ... ಎಲ್ಲಿ ಎಳೆ ಬಿಟ್ಟಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ನವೆಂಬರ್ 14, ಸಂಜೆ

ವೆಲ್ಡಾ ಫೋನ್ ಮಾಡಲಿಲ್ಲ. ನೇರ ಮನೆಗೇ ಬಂದಳು. ಹೊಲಿಗೆ ಸಾಲಿನಲ್ಲಿ ನನ್ನ ಎದುರು ಕೂರುವವಳು, ಒಂಬತ್ತು ವರ್ಷದಿಂದ ಗೆಳತಿ. ಅವಳ ಕಾರಿನ ಬ್ಯಾಟರಿ ಚಳಿಗಾಲದಲ್ಲಿ ಸಾಯುತ್ತದೆ. ಅದಕ್ಕೇ ಇಬ್ಬರೂ ಪಕ್ಕಪಕ್ಕ ನಿಲ್ಲಿಸುವುದು. ನನ್ನ ಡಿಕ್ಕಿಯಿಂದ ಕೇಬಲ್ ತೆಗೆದು, ನನ್ನ ಬ್ಯಾಟರಿಗೆ ಜೋಡಿಸಿ ಕಾರು ಶುರು ಮಾಡಿಕೊಳ್ಳುವವಳು ಅವಳೇ.

ಕೂರಲಿಲ್ಲ. "ಕೇಬಲ್ ಸುತ್ತಿ ಒಂದು ಬೂದು ಪೆಟ್ಟಿಗೆ ಮೇಲೆ ಇಡ್ತಿದ್ದೆನಲ್ಲೇ. ಅದೇನಾ?"

"ಅದೇ ಕಣೇ."

"ಪಾನಾ, ಸ್ಪ್ಯಾನರ್ ಏನೋ ಇರಬೇಕು ಅಂದ್ಕೊಂಡಿದ್ದೆ."

ಯಾಕೆ ಇಟ್ಟುಕೊಂಡೆ ಅಂತ ಹೇಳಿದೆ. ಎರಡು ವರ್ಷದ ಹಿಂದೆ ಕಣಿವೆಯ ರಸ್ತೆಯಲ್ಲಿ ಯಾರೋ ಹೆಣ್ಣು ಜಿಂಕೆಗೆ ಗುದ್ದಿ ಹೋಗಿದ್ದರು. ಸೊಂಟ ಮುರಿದಿತ್ತು. ಮುಂಗಾಲಲ್ಲಿ ಎದ್ದೇಳಲು ನೋಡುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಅದರ ನರಳಾಟ ಮುಗಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಅದು ಸಾಯುವವರೆಗೂ ಪಕ್ಕದಲ್ಲಿ ಕೂತಿದ್ದೆ. ತುಂಬಾ ಹೊತ್ತು ಹಿಡಿಯಿತು. ಮರುದಿನ ಅಪ್ಪನ ರಿವಾಲ್ವರ್ ಡಿಕ್ಕಿಗೆ ಬಂತು.

ವೆಲ್ಡಾ ಕೇಳಿಸಿಕೊಂಡಳು. ಅವಳ ತಂಗಿ ಓಪಲ್ ಗೋದಾಮಿನ ಕೆಲಸದಲ್ಲಿ ಸತ್ತದ್ದು ನನಗೆ ಗೊತ್ತಿತ್ತು. ಹೇಗೆ ಅಂತ ಇವತ್ತೇ ಪೂರ್ತಿ ಹೇಳಿದ್ದು. ಜೊತೆಯಲ್ಲಿ ಕೆಲಸ ಮಾಡುವವನು. ಮೇಸ್ತ್ರಿ ಬೈದ ಅಂತ ಎದ್ದು ಹೊರಗೆ ಹೋದ. ಸಿಗರೇಟಿಗೆ ಹೋದ ಅಂದುಕೊಂಡರಂತೆ. ಅವನು ಕಾರಿಗೆ ಹೋಗಿ ಬಂದೂಕು ತಂದಿದ್ದ.

"ಅವನೂ ಬೀಗ ಹಾಕೇ ಇಟ್ಟಿದ್ದ ಆರ್ಲೀನ್. ಕೀಲಿ ಅವನ ಹತ್ರಾನೇ ಇತ್ತು."

ಕಾನೂನಿನ ಮಾತು ಇದಕ್ಕೆ ಉತ್ತರವೇ ಅಲ್ಲ.

"ನಿನ್ನ ಮೇಲೆ ಅನುಮಾನ ಇಲ್ಲ ಕಣೇ, ಹುಚ್ಚೀ. ನೀನು ಇರುವೆ ಕಂಡ್ರೂ ಸುತ್ತಿಕೊಂಡು ಹೋಗೋಳು. ಆದ್ರೆ ಇನ್ಮೇಲೆ ನಿನ್ನ ಪಕ್ಕ ಕಾರು ನಿಲ್ಲಿಸೋಕೆ ನನ್ನಿಂದ ಆಗಲ್ಲ."

ಹೋದಳು. ಕಾರು ಮೂರನೇ ಸಲಕ್ಕೆ ಶುರುವಾಯಿತು. ನಾನು ಕಿಟಕಿಯಲ್ಲೇ ನಿಂತಿದ್ದೆ. ಕೇಬಲ್ ಕೊಡಲಾ ಅಂತ ಕೇಳುವ ಧೈರ್ಯ ಬರಲಿಲ್ಲ.

ನವೆಂಬರ್ 17

ಪುಸ್ತಕವಿಲ್ಲ. ಬಾಯಿಗೆ ಬರುವ ಪದ್ಯಗಳನ್ನೇ ಹೇಳಿಕೊಂಡೆ. ಮಧ್ಯೆ ಮಧ್ಯೆ ಸಾಲು ತಪ್ಪುತ್ತದೆ. ತಪ್ಪಿದ ಕಡೆಯೆಲ್ಲ ವೆಲ್ಡಾಳ ಮಾತು ಬಂದು ಕೂರುತ್ತದೆ — ಕೀಲಿ ಅವನ ಹತ್ರಾನೇ ಇತ್ತು.

ಜಿಂಕೆಮಾಂಸ ಬೇಯಿಸಿದೆ. ತಿನ್ನಲಾಗಲಿಲ್ಲ.

ನವೆಂಬರ್ 19, ಮಧ್ಯಾಹ್ನ

ವಿಚಾರಣೆ. ಹ್ಯಾಸ್ಕೆಟ್, ಸಿಬ್ಬಂದಿ ವಿಭಾಗದ ಹುಡುಗಿ, ನಾನು. ಕಿಟಕಿಯಾಚೆ ಹ್ಯಾಸ್ಕೆಟ್‌ನ ಟ್ರಕ್ಕು. ಹಿಂದಿನ ಬಾಗಿಲಿಗೆ ಒಣಗಿದ ರಕ್ತದ ಗೆರೆ. ಡ್ಯಾಶ್‌ಬೋರ್ಡಿನ ಮೇಲೆ ಶಿಕಾರಿಯ ಕಿತ್ತಳೆ ಟೋಪಿ.

"ಇನ್ನು ತರಲ್ಲ ಅಂತ ಒಂದು ಸಹಿ ಹಾಕಿ. ನಾಳೆನೇ ಕೆಲಸಕ್ಕೆ ಬನ್ನಿ" ಅಂದ.

"ಹಾಕಲ್ಲ ಸರ್."

"ಬಂದೂಕಿನ ಹುಚ್ಚಿರೋರ ಥರ ಕಾಣಲ್ಲ ನೀವು."

"ಹುಚ್ಚಿಲ್ಲ. ಆ ರಿವಾಲ್ವರಿಗೆ ಎಣ್ಣೆ ಹಾಕೋದೂ ನನ್ನ ತಮ್ಮ ವೆಂಡೆಲ್ಲೇ."

"ಮತ್ತೆ ಯಾಕಿಷ್ಟು ಹಟ?"

"ಇವತ್ತು ಡಿಕ್ಕಿ ತೆಗಿ ಅಂತೀರಿ. ನಾಳೆ ಮನೆ ಬಾಗಿಲು."

ಸ್ವಲ್ಪ ಮೆತ್ತಗಾದ. "ಸರಿ. ಕೆಲಸದ ಹೊತ್ತಲ್ಲಿ ಪೆಟ್ಟಿಗೆ ಕೀಲಿ ಕ್ಲೋವಿಸ್ ಹತ್ರ ಕೊಟ್ಟಿರಿ. ಅದಾದ್ರೂ ಆಗಬಹುದಾ?"

"ಕಂಪನಿ ಕೇಳಿದ್ರೆ ಕೊಡಲ್ಲ." ಎದ್ದೆ. ಹೇಳಬಾರದು ಅಂದುಕೊಂಡದ್ದು ಬಾಯಿಗೆ ಬಂತು. "ನಿಮ್ಮ ಟ್ರಕ್ಕಲ್ಲಿ ಏನಿದೆ ಅಂತ ನಾನು ಕೇಳಲ್ಲ ಸರ್. ಕೇಳೋ ಹಕ್ಕು ನನಗಿಲ್ಲ. ನೀವೂ ಕೇಳಬೇಡಿ."

ಅವನು ಕಿಟಕಿಯತ್ತ ನೋಡಲಿಲ್ಲ. ಹುಡುಗಿ ನೋಡಿದಳು.

ನವೆಂಬರ್ 22

ಹ್ಯಾಸ್ಕೆಟ್ ಫೋನ್. ಕಂಪನಿಯ ವಕೀಲರು ಕಾನೂನು ಓದಿ, ನನ್ನದೇ ಸರಿ ಅಂದರಂತೆ. ಸೋಮವಾರದಿಂದ ಬನ್ನಿ. ಸಹಿ ಬೇಡ. ಅಮಾನತಿನ ಸಂಬಳವೂ ಬರುತ್ತದೆ. "ಗೆದ್ರಿ ಬಿಡಿ" ಅಂದ. ಕಹಿಯಿರಲಿಲ್ಲ ದನಿಯಲ್ಲಿ.

ಗೆದ್ದೆ. ವೆಂಡೆಲ್ ಫೋನಿನಲ್ಲೇ ಕೇಕೆ ಹಾಕಿದ. ನಾನು ಕಾರಿನ ಹತ್ತಿರ ಹೋಗಿ ಡಿಕ್ಕಿ ತೆಗೆದು ನಿಂತೆ. ಪೆಟ್ಟಿಗೆಯ ಮೇಲೆ ಕೇಬಲ್. ವೆಲ್ಡಾ ಸುತ್ತಿದ ಹಾಗೇ ಇದೆ, ತುದಿ ಒಳಗೆ ಸಿಕ್ಕಿಸಿ.

ಪೆಟ್ಟಿಗೆಗೆ ಇರುವುದು ಒಂದೇ ಕೀಲಿ. ನನ್ನ ಗೊಂಚಲಿನಿಂದ ಬಿಡಿಸಿದೆ. ಉಗುರು ಮುರಿಯಿತು.

ಕಂಪನಿ ಕೇಳಿತು, ಕೊಡಲಿಲ್ಲ. ವೆಲ್ಡಾ ಕೇಳಲೇ ಇಲ್ಲ.

ನವೆಂಬರ್ 25, ಸೋಮವಾರ, ಶಿಫ್ಟಿಗೆ ಮೊದಲು

ಪಾರ್ಕಿಂಗಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನದೇ ಕೋಟು, ಹೊಸ ಜಿಪ್. ಹಳೆಯ ಜಾಗದಲ್ಲೇ ನಿಲ್ಲಿಸಿದ್ದೇನೆ. ಪಕ್ಕದ್ದು ಖಾಲಿ.

ದಿನಾ ಬೆಳಿಗ್ಗೆ ಕೀಲಿ ವೆಲ್ಡಾಳ ಕೈಗೆ ಕೊಡುವುದು, ಸಂಜೆ ಹೊರಡುವಾಗ ಇಸಿದುಕೊಳ್ಳುವುದು. ಹೇಳಬೇಕಾದ್ದು ಇಷ್ಟೇ: ಇದು ನಿನ್ನ ಹತ್ರ ಇರಲಿ ಕಣೇ. ಬೇಡ ಅಂದರೆ? ಬೇಡ ಅನ್ನುವ ಹಕ್ಕು ಅವಳಿಗಿದೆ. ಆದರೂ ನಾಳೆಯೂ ಕೇಳುತ್ತೇನೆ. ನಾಡಿದ್ದೂ.

ಕ್ಲೋವಿಸ್ ಗೇಟಿನಿಂದ ಕೈಬೀಸಿದ. ಮುಷ್ಟಿಯಲ್ಲಿ ಕೀಲಿ ಬೆಚ್ಚಗಾಗಿದೆ.

ಅವಳ ಕಾರು ಬಂತು. ಒಂದೇ ದೀಪ ಉರಿಯುತ್ತಿದೆ. ನನ್ನಿಂದ ದೂರದ ಕೊನೆಯ ಸಾಲಿಗೆ ಹೋಗಬೇಕಾದರೆ ಅಲ್ಲೇ ಬಲಕ್ಕೆ ತಿರುಗಬೇಕು. ತಿರುಗಲಿಲ್ಲ. ನಿಧಾನ ಮಾಡಿದಳು... ಇಂಡಿಕೇಟರ್ ಈ ಕಡೆಗೇ —