ದಾರ ಬಿಚ್ಚದ ಕಟ್ಟು

ಅಪ್ಪ,

ನೀವು ಹೋದ ಮೇಲೆ ಮುಚ್ಚಿದ್ದ ಕುಂಬ್ರದ ಪ್ರೆಸ್ಸನ್ನು ಇವತ್ತು ಖಾಲಿ ಮಾಡಿದೆವು. ಮತ್ತೆ ಬೇಕಾಗುವ ಅಚ್ಚುಮೊಳೆಗಳನ್ನು ಬಿಡಿಸದೆ ದಾರ ಕಟ್ಟಿ ಇಡುವುದಕ್ಕೆ ‘ಸ್ಟ್ಯಾಂಡಿಂಗ್’ ಎನ್ನುತ್ತಿದ್ದಿರಲ್ಲ, ಅಂಥದ್ದೊಂದು ಕಟ್ಟು ಕಪಾಟಿನ ಹಿಂದೆ ಸಿಕ್ಕಿತು. ತಿರುಗುಮುರುಗಾದ ಅಕ್ಷರಗಳನ್ನು ನೀವು ಕಲಿಸಿದಂತೆ ಓದಿದೆ. ಉತ್ತರಕ್ರಿಯೆಯ ಕಾಗದ. ಅದರಲ್ಲಿ ಅಮ್ಮನ ಹೆಸರು. ತಾರೀಕು ಮಾತ್ರ ಖಾಲಿ.

ಆ ವರ್ಷ ಅವಳು ಆಸ್ಪತ್ರೆಯಲ್ಲಿದ್ದಾಗ ಜೋಡಿಸಿದಿರಾ? ಗುಣವಾಗಿ ಬಂದ ಮೇಲೂ ಯಾಕೆ ಬಿಡಿಸಲಿಲ್ಲ?

“ಎಂತ ಉಂಟು ಅದರಲ್ಲಿ?” ಆ ಅಕ್ಷರ ಓದಲು ಬಾರದ ಅಮ್ಮ ಕೇಳಿದಳು.

“ನನ್ನ ಮದುವೆ ಕಾಗದ.”

“ಹಾಗಾದ್ರೆ ಬಿಚ್ಚುದು ಬೇಡ ಮಾರಾಯ್ತಿ. ಅಪ್ಪ ಕಟ್ಟಿದ್ದಲ್ವಾ, ಇರ್ಲಿ.”

ಈಗ ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು, ಊಟ ಮುಗಿಸಿ ಮಲಗಿದ್ದಾಳೆ. ಉಸಿರಾಡುತ್ತಿದ್ದಾಳೆಯೇ ಎಂದು ಮತ್ತೊಮ್ಮೆ ನೋಡಿ ಬಂದೆ.