ವೈನಿ–ನಾದಿನಿ ಅಂತ ಅಚ್ಚಾದ ರಿಕಾರ್ಡು

ನನ್ನ ಶಾಂತಾ ವೈನಿಗೆ,

ರಾಮದುರ್ಗದಿಂದ ನಿಮ್ಮ ನಾದಿನಿ ಗಿರಿಜಾ ಬರಿಯೂದು. ನೀವು ಹೋಗಿ ಐದು ವರ್ಷಾತು. ಈ ಕಾಗದಾ ಯಾವ ಪೆಟ್ಟಿಗ್ಯಾಗ ಹಾಕಬೇಕು, ಯಾರು ಮುಟ್ಟಸ್ತಾರು, ನನಗ ತಿಳೀದು. ಆದ್ರ ಹೋದ ಸೋಮವಾರ ಒಂದು ಸುದ್ದಿ ಗೊತ್ತಾತು. ನಿಮಗ ಹೇಳದ ಇರಾಕ ಆಗವಲ್ದು.

ನೀವು ಮದಿವ್ಯಾಗಿ ಬೈಲಹೊಂಗಲದ ನಮ್ಮ ಮನಿಗೆ ಬಂದ ದಿನಾ ನೆನಪೈತಿ. ಟ್ರಂಕಿನ ಜೋಡಿ ಒಂದು ಉದ್ದನ್ನ ಡಬ್ಬಿ ಇತ್ತು. ಅವ್ವ ಸೀರಿ ಇರಬೇಕಂತ ತಗದು ನೋಡಿದ್ರ ಗಿಟಾರ್! "ಇದನ್ನೇನ್ ಮಾಡ್ತಾರವಾ?" ಅಂತ ಕೇಳಿದ್ಲು. "ತೊಡೀ ಮ್ಯಾಲ ಮಲಗಿಸಿಕೊಂಡು ತಿಕ್ಕತಾರ್ರಿ ಅತ್ತಿ" ಅಂದ್ರಿ ನೀವು, ಮಕಾ ಗಂಭೀರ ಇಟಗೊಂಡು. ಹಿಂದ ನಿಂತಿದ್ದ ನನಗ ನಗು ತಡಿಯಾಕ ಆಗಲಿಲ್ಲ. ಅವತ್ತಽ ನಾವಿಬ್ರೂ ಜೋಡಿ ಆದಿವಿ, ಅಲ್ಲೇನ್ರಿ?

ಅಣ್ಣ ಊಟಾ ಮಾಡಿ ಹತ್ತಿ ಪ್ಯಾಟಿಗೆ ಹೋದ ಮ್ಯಾಲ ಅಡಗಿಮನಿ ನಮ್ಮದು. ನೀವು ಗಿಟಾರ್ ಹಿಡಿಯಾವ್ರು, ನಾ ಹಿತ್ತಾಳಿ ಕೊಡದ ಮ್ಯಾಲ ಉಂಗುರದಿಂದ ತಾಳಾ ಹಾಕಾಕಿ. ಧಾಟಿ ಸಿನೆಮಾ ಹಾಡಿನಂಗ ಸವಿ, ಮಾತು ಮಾತ್ರ ನಮ್ಮ ಓಣೀವು. "ಏಳರ ಬಸ್ಸು ಎಂಟಕ ಬಂತೇನ?" ಅಂತ ನಾ ಹಾಡಿದ್ರ, "ಎಂಟಕ ಬಂದದ್ದು ನಿನ್ನೀ ಬಸ್ಸು" ಅಂತ ನೀವು. "ನಿನ್ನ ಗಂಡ ಎಂದಾದ್ರೂ ನಕ್ಕಾನೇನ?" ಅಂದ್ರ, "ನಕ್ಕಾನ, ಫೋಟೋ ತಗಿಯಾಂವ ಕೈ ಮುಗದು ಬೇಡಿದ ಮ್ಯಾಲ". ಅದನ್ನ ಒಂದಿನಾ ಅಣ್ಣ ಬಾಗಲದಾಗ ನಿಂತು ಕೇಳಿಬಿಟ್ಟ. ನಗಲಿಲ್ಲ. ನೀವು ನನ್ನ ಕಡೆ ನೋಡಿ "ನೋಡಿದಿ?" ಅಂದ್ರಿ, ಅಷ್ಟಽ.

ಸವದತ್ತಿ ಮದಿವಿ ನೆನಪೈತೇನ್ರಿ? ಬೀಗರನ್ನ ಕಾಡಸಾಕ ನಾವಿಬ್ರೂ ಹಾಡಿದಾಗ ಊಟಕ್ಕ ಕುಂತವ್ರು ತುತ್ತು ಬಿಟ್ಟು ನಕ್ರು. ಹುಬ್ಬಳ್ಳ್ಯಾಗ ರಿಕಾರ್ಡು ಮಾರೂ ಒಬ್ಬ ಹಿರಿಯಾ ಅಲ್ಲಿದ್ದ. ಅವನಽ ನಮ್ಮನ್ನ ಮುಂಬೈಗೆ ಕರಸಿ ನಾಕು ಹಾಡಿನ ಸಣ್ಣ ರಿಕಾರ್ಡು ಮಾಡಿಸಿದ. ಅಣ್ಣಂದು ಒಂದಽ ಮಾತು: ಹೆಸರು ಹಾಕಬಾರದು, ಫೋಟೋ ಬ್ಯಾಡ. ಅದಕ್ಕ ರಿಕಾರ್ಡಿನ ನಡುವ 'ವೈನಿ–ನಾದಿನಿ' ಅಂತ ಅಚ್ಚು ಹಾಕಿದ್ರು. ಅದು ಬಂದ ದಿನಾ ನೀವು ಸೆರಗಿನಿಂದ ಒರಸಿ ಒರಸಿ ನೋಡಿದ್ರಿ. "ಗಿರ್ಜಿ, ನಾವು ಹೆಸರಿಲ್ಲದ ಪ್ರಸಿದ್ಧರು" ಅಂದ್ರಿ.

ಮುಂದ ಮುಂಬೈದಿಂದ ಕಾಗದಾ ಬಂತು. ದೊಡ್ಡ ರಿಕಾರ್ಡು ಮಾಡೂನು, ಇನ್ನೂ ಎಂಟು ಹಾಡು ಬೇಕು ಅಂತ. ಆ ಎಂಟು ತಿಂಗಳು ನಾ ಎಷ್ಟು ಸುಖದಾಗಿದ್ನಿ! ರೊಟ್ಟಿ ಬಡಿಯೂ ಮುಂದ ಒಂದು ಹಾಡು, ಶಾವಿಗಿ ಒಣಗಸೂ ಮುಂದ ಒಂದು. ಕಡೀ ಹಾಡು ನವಿಲುತೀರ್ಥದಾಗ ಆತು. ಆಣಿಕಟ್ಟಿಗೆ ಹೊಸದಾಗಿ ನೀರು ನಿಂತಿತ್ತು, ಎಲ್ಲಾರೂ ನೀರು ನೋಡಾಕ ಹತ್ತಿದ್ರು, ನಾವಿಬ್ರೂ ಬೆನ್ನು ಮಾಡಿ ಕುಂತು ಗುನುಗತಿದ್ವಿ.

ಆಮ್ಯಾಲ ಆ ದಿನಾ. ನನ್ನ ನೋಡಾಕ ರಾಮದುರ್ಗದವ್ರು ಬಂದ್ರು. ಹುಡುಗ ಹೈಸ್ಕೂಲ್ ಮಾಸ್ತರ, ತಲಿ ಎತ್ತವಲ್ಲ. ಅವರ ಕಾಕಾ ಚಾ ಕುಡಕೋತ ಕೇಳಿದ್ರು, "ಆ ರಿಕಾರ್ಡಿನ್ಯಾಗ ಹಾಡಿದ ನಾದಿನಿ ನೀನಽ ಏನವಾ?"

ಅಣ್ಣನ ಮಕಾ ನೋಡಿದ್ನಿ. ಅವ್ವನ ಮಕಾ ನೋಡಿದ್ನಿ. "ನಾ ಅಲ್ಲರಿ. ವೈನಿ ತಮ್ಮ ಗೆಳತಿ ಜೋಡಿ ಹಾಡ್ಯಾರ" ಅಂದ್ನಿ.

ಉಪ್ಪಿಟ್ಟಿನ ತಾಟು ಹಿಡಕೊಂಡು ನೀವು ಬಾಗಲದಾಗಽ ನಿಂತಿದ್ರಿ. "ಹೌದರಿ. ಇಕಿಗೆ ಹಾಡಾಕ ಬರೂದಿಲ್ಲ" ಅಂದ್ರಿ.

ಅವರು ಹೋದ ಮ್ಯಾಲ ಅಡಗಿಮನ್ಯಾಗ ನಿಮ್ಮ ಕಾಲು ಹಿಡಿಯಾಕ ಬಂದ್ನಿ. "ಬಿಡವಾ. ನಿನ್ನ ಜಾಗಾದಾಗ ನಾ ಇದ್ರೂ ಹಂಗಽ ಅಂತಿದ್ನಿ" ಅಂದ್ರಿ. ಖರೇ ಅಂತಿದ್ರೇನ್ರಿ? ಅನ್ನತಿರಲಿಲ್ಲ. ನನಗ ಗೊತ್ತಿತ್ತು. ಒಮ್ಮಿ ಅಲ್ಲ ಅಂದಾಕಿ ಮತ್ತ ಮುಂಬೈಗೆ ಹೆಂಗ ಹೋಗೂದು? ಮರುದಿನಾ ನೀವಽ ಕಾಗದಾ ಬರದ್ರಿ, ದೊಡ್ಡ ರಿಕಾರ್ಡು ಆಗೂದಿಲ್ಲಂತ. ಅಣ್ಣ ಅವತ್ತು ಎರಡು ರೊಟ್ಟಿ ಹೆಚ್ಚಿಗಿ ಉಂಡ.

ಮದಿವ್ಯಾಗಿ ಇಲ್ಲಿ ಬಂದ ಮ್ಯಾಲ ನಿಮ್ಮದು ಒಂದು ಕಾಗದಾ ಬಂತು. "ಗಿರ್ಜಿ, ಹೊಸಾ ಉತ್ತರಾ ಒಂದು ಹೊಳದೈತಿ. ಅದಕ್ಕ ತಕ್ಕ ಪ್ರಶ್ನೆ ನೀ ಬರದು ಕಳಸು." ಇಲ್ಲಿ ಬಂದ ಕಾಗದಾನೂ ಹೋಗೂ ಕಾಗದಾನೂ ಮಾವನವ್ರು ಪಡಸಾಲ್ಯಾಗ ಎಲ್ಲಾರ ಮುಂದ ಓದಸ್ತಿದ್ರು. ನಾ ಅಂಜಿದ್ನಿ. ನಾಳಿ ಬರದ್ರಾತು, ನಾಡದು ಬರದ್ರಾತು ಅಂತ... ಅಷ್ಟ್ರಾಗ ನಿಮಗ ಕಾಮಣಿ ಬ್ಯಾನಿ ಜೋರಾಗೇತಿ ಅಂತ ಸುದ್ದಿ ಬಂತು. ನಾ ಬಸ್ಸಿಳಿಯೂದ್ರಾಗ ನಿಮ್ಮನ್ನ ಮಣ್ಣಿಗೆ ಒಯ್ದುಬಿಟ್ಟಿದ್ರು. ಆ ಉತ್ತರಾ ಏನಿತ್ತು ವೈನಿ?

ಹೋದ ಸೋಮವಾರ ಮಧ್ಯಾಹ್ನ ರೇಡಿಯೋದಾಗ ಒಮ್ಮಿಗಲೇ ನಿಮ್ಮ ಗಿಟಾರ್ ಕೇಳಿಸ್ತು. ಹಿಂದಽ ನನ್ನ ದನಿ. ಆಮ್ಯಾಲ ನಿಮ್ಮದು. ಹಂಚಿನ ಮ್ಯಾಲ ರೊಟ್ಟಿ ಕರಕಾತು. ನಮ್ಮ ಮನಿಯವ್ರು ಊಟಕ್ಕ ಬಂದಾಗ ನಾ ಒಲಿ ಮುಂದ ಕುಂತು ಅಳಾಕ ಹತ್ತಿದ್ನಿ. "ಯಾರು ಏನಂದ್ರು?" ಅಂತ ಕೇಳಿದ್ರು. ನನ್ನ ಬಾಯಿ ತಾನಾಗೇ ಅಂದ್ಬಿಡ್ತು, "ಆ ನಾದಿನಿ ನಾನಽ ರಿ."

ಅವರು ಅಲ್ಲೇ ಕುಂತ್ರು. ಹಂಚು ಇಳಿಸಿಟ್ಟು ಹೇಳಿದ್ರು.

"ಆ ರಿಕಾರ್ಡು ಕೇಳಿ, ಹಾಡಿದವ್ರು ನಿಮ್ಮ ಮನ್ಯಾವ್ರಂತ ಮಂದಿ ಅಂದದ್ದಕ್ಕಽ ನಾ ಬೈಲಹೊಂಗಲಕ್ಕ ಬಂದಿದ್ನಿ. ಕೇಳು ಅಂತ ಕಾಕಾಗ ನಾನಽ ಹೇಳಿದ್ದು. ನನಗ ಕೇಳಾಕ ನಾಚಿಕಿ. ನೀ ಅಲ್ಲ ಅಂದಿ. ಬಂದು ನೋಡಿ ಒಲ್ಲೆ ಅಂದ್ರ ಹುಡುಗಿಗೆ ಅಪಮಾನ ಅಂತ ಹೂಂ ಅಂದ್ನಿ."

ತಿಳೀತೇನ್ರಿ ವೈನಿ? ಅದು ತಪ್ಪು ಹಿಡಿಯೂ ಪ್ರಶ್ನೆ ಆಗಿರಲಿಲ್ಲ. ಹೌದು ಅಂದಿದ್ರ... ಇಷ್ಟು ವರ್ಷ ಅವರು ಬ್ಯಾರೇ ಯಾರನ್ನೋ ಮದಿವ್ಯಾದೆ ಅಂತ ತಿಳಕೊಂಡು ಸುಮ್ಮನ ಸಂಸಾರ ಮಾಡ್ಯಾರ. ನಾ ಅವರಿಗಂಜಿ ಒಮ್ಮಿನೂ ಗುನುಗಲಿಲ್ಲ.

"ಈಗ ಹಾಡು" ಅಂದ್ರು. "ರಿಕಾರ್ಡಿನ್ಯಾಗಿಲ್ಲದ್ದು ಒಂದು ಹಾಡು."

ನವಿಲುತೀರ್ಥದ ಹಾಡಿನ ಮೊದಲನೇ ಸಾಲು ಹಾಡಿದ್ನಿ. ದನಿ ಒಡಕಾಗಿತ್ತು, ಆದ್ರೂ ಬಂತು. ಹಾಡಿ ನಿಂತ್ನಿ.

"ಮುಂದ?" ಅಂದ್ರು.

"ಮುಂದಿಂದು ವೈನೀದು. ನನಗ ಬರೂದಿಲ್ಲರಿ."

ಅವರು ಮಕಾ ಸಣ್ಣದು ಮಾಡಕೊಂಡು, ಹೈಸ್ಕೂಲಿಗೆ ಹೊತ್ತಾತಂತ ಎದ್ದು, ಉಣದ ಹೋದ್ರು.

ನಿಮ್ಮ,
ಗಿರ್ಜಿ