ಹನೂರು ಬಿಟ್ಟು ಬಂದದ್ದು

ಕೊಳ್ಳೇಗಾಲ, ಸೋಮವಾರ, ೧೨ ಫೆಬ್ರವರಿ ೧೯೫೧

ಸುಳ್ಳು ಹೇಳಿಬಿಟ್ಟೆ, ಅದೂ ಶಂಕರಮ್ಮನಿಗೆ.

ಹನೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನನ್ನ ಹತ್ತಿರ ತೋರಿಸಿಕೊಳ್ಳುತ್ತಿದ್ದವಳು. ಎರಡು ಬಸಿರು ಕಳೆದುಕೊಂಡಿದ್ದಳು. ಮೂರನೆಯದರ ಹೆರಿಗೆಗೆ ನಾನೇ ಇರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ, ನಾನೇ ಅರ್ಜಿ ಹಾಕಿದ್ದ ಇಲ್ಲಿಯ ಆಸ್ಪತ್ರೆಯ ಕೆಲಸ ಸಿಕ್ಕಿತು. ಅವಳ ಮುಖ ನೋಡಿದರೆ ಹೊರಡಲಾಗದೆಂದು, ಅವಳಿಗೆ ಹೇಳದೆಯೇ ಬಸ್ಸು ಹತ್ತಿದೆ.

ಇವತ್ತು ಮಧ್ಯಾಹ್ನ ಅವಳ ಗಂಡ ಕೆಂಪನಂಜಪ್ಪ ಎತ್ತಿನಗಾಡಿಯಲ್ಲಿ ಅವಳನ್ನು ಇಲ್ಲಿಗೆ ಕರೆತಂದ. ನಿನ್ನೆಯಿಂದ ನೋವಂತೆ. "ಅಲ್ಲಿ ನೀವಿರ್ನಿಲ್ಲ ಕಣ್ರವ್ವ. ಬ್ಯಾರೆಯವ್ರು ಮುಟ್ಟೋದು ಬ್ಯಾಡ ಅಂದ್ಲು. ಅದುಕ್ಕೆ ನಿಮ್ಮುನ್ನ ಉಡಿಕ್ಕಂಡು ಬಂದ್ವಿ" ಎಂದ.

ಹೆಣ್ಣು ಮಗು. ದಾರಿಯಲ್ಲೇ, ಹೊಟ್ಟೆಯೊಳಗೇ ಜೀವ ಹೋಗಿತ್ತು. ನಾನೇ ತೊಳೆದು ಬಟ್ಟೆ ಸುತ್ತಿ ಅವನ ಕೈಗೆ ಕೊಟ್ಟೆ.

ಶಂಕರಮ್ಮ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ನಿಮ್ಮುನ್ನ ಸರ್ಕಾರ್ದವ್ರೇ ವರ್ಗ ಮಾಡ್ಬುಟ್ರಾ ನರ್ಸಮ್ಮ? ಇಲ್ದಿದ್ರೆ ನೀವು ನನ್ ಬುಟ್ಟು ಓಯ್ತಿರ್ನಿಲ್ಲ" ಎಂದಳು.

ಹೌದು ಎಂದೆ.

ನನ್ನ ಕಣ್ಣಲ್ಲಿ ನೀರು ಕಂಡು ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಅಳ್ಬೇಡಿ. ನೀವ್ ತಾನೆ ಏನ್ ಮಾಡೀರಿ?"

ನಾಳೆ ನಿಜ ಹೇಳಲೇಬೇಕು. ಆದರೆ ಹೇಳಿದ ಮೇಲೆ ಅವಳು ಇನ್ನು ಯಾರ ಕೈಯನ್ನು ನಂಬಿ ಹೆರಿಗೆಗೆ ಬಂದಾಳು?